ಹೊಸ ಧೂಮಕೇತು, ಹೊಸ ಸೂಪರ್‌ನೋವಾ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹೆಸರಿನಲ್ಲಿ ಯಾವ ಶೋಧವೂ ಇಲ್ಲ. ಆದರೆ ಬೇರೆಯವರು ಕಂಡುಹಿಡಿದ ಧೂಮಕೇತುಗಳನ್ನೂ ಸೂಪರ್‌ನೋವಾಗಳನ್ನೂ ವಾರಗಟ್ಟಲೆ, ಕೆಲವನ್ನು ತಿಂಗಳುಗಟ್ಟಲೆ ಹಿಂಬಾಲಿಸಿದ್ದೇನೆ. ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿರುವುದರಿಂದ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಧೂಮಕೇತುವಿಗೂ ಸೂಪರ್‌ನೋವಾಕ್ಕೂ ಏನು ಸಂಬಂಧ? ಎರಡನ್ನೂ ಒಟ್ಟಿಗೆ ಹೇಳುವುದೇಕೆ?

ವಸ್ತುವಾಗಿ ನೋಡಿದರೆ ಯಾವ ಸಂಬಂಧವೂ ಇಲ್ಲ. ಧೂಮಕೇತು ನಮ್ಮ ಸೌರಮಂಡಲದ ಒಳಗಿನದು. ಕೆಲವು ಕಿಲೋಮೀಟರ್ ಅಗಲದ ಹಿಮ ಮತ್ತು ದೂಳಿನ ಮುದ್ದೆಯೊಂದು ಸೂರ್ಯನ ಶಾಖಕ್ಕೆ ಆವಿಯಾಗುತ್ತ ಬಾಲ ಬಿಚ್ಚುತ್ತದೆ. ಸೂಪರ್‌ನೋವಾ ಎಂದರೆ ಲಕ್ಷ, ಕೋಟಿ ಜ್ಯೋತಿರ್ವರ್ಷಗಳಾಚೆ ಒಂದು ನಕ್ಷತ್ರ ಸಿಡಿದು, ಕೆಲವು ವಾರಗಳ ಕಾಲ ತಾನಿರುವ ಇಡೀ ಗೆಲಾಕ್ಸಿಗೆ ಸರಿಸಾಟಿಯಾಗಿ ಬೆಳಗುವುದು. ಒಂದು ಮಸುಕಾಗಿದ್ದು ಚಲಿಸುತ್ತದೆ, ಇನ್ನೊಂದು ಚುಕ್ಕಿಯಾಗಿದ್ದು ಇದ್ದಲ್ಲೇ ಇರುತ್ತದೆ.

ಸಂಬಂಧ ಇರುವುದು ಹುಡುಕುವವರ ಅಭ್ಯಾಸದಲ್ಲಿ. ನಿನ್ನೆಯ ಆಕಾಶ ಹೇಗಿತ್ತು ಎಂಬುದು ಗೊತ್ತಿಲ್ಲದೆ ಇವೆರಡರಲ್ಲಿ ಯಾವುದೂ ಸಿಗುವುದಿಲ್ಲ. 1758ರಲ್ಲಿ ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ ಧೂಮಕೇತುವೊಂದರ ಬೆನ್ನು ಹತ್ತಿದ್ದಾಗ ವೃಷಭ ರಾಶಿಯ ಕೊಂಬಿನ ಬಳಿ ಇನ್ನೊಂದು ಮಸುಕು ಕಂಡರು. ಅದು ಕದಲಲಿಲ್ಲ. ಮತ್ತೆ ಮೋಸಹೋಗಬಾರದೆಂದು ಅದನ್ನು ಬರೆದಿಟ್ಟುಕೊಂಡರು. ಇಂದು ನಾವು ಎಂ1 ಅಥವಾ ಏಡಿ ನೀಹಾರಿಕೆ ಎನ್ನುವುದು ಅದನ್ನೇ. 1054ರಲ್ಲಿ ಚೀನಾದ ಆಕಾಶ ವೀಕ್ಷಕರು ಹಗಲಲ್ಲೂ ಕಂಡ ಸೂಪರ್‌ನೋವಾದ ಅವಶೇಷ ಅದು. ಧೂಮಕೇತುವಲ್ಲದವುಗಳ ಪಟ್ಟಿ ಶುರುವಾದದ್ದೇ ಒಂದು ಸೂಪರ್‌ನೋವಾದಿಂದ. 1781ರ ಹೊತ್ತಿಗೆ ಅದರಲ್ಲಿ 103 ವಸ್ತುಗಳಿದ್ದವು, ಮತ್ತು ಇಂದಿಗೂ ಹೊಸಬರು ಆಕಾಶದ ಪರಿಚಯ ಮಾಡಿಕೊಳ್ಳುವುದು ಅದೇ ಪಟ್ಟಿ ಹಿಡಿದು.

ದೊಡ್ಡ ಸಮೀಕ್ಷಾ ದೂರದರ್ಶಕಗಳು ಇಡೀ ಆಕಾಶವನ್ನು ಜಾಲಾಡುತ್ತಿರುವಾಗ ಹವ್ಯಾಸಿಗೆ ಏನು ಉಳಿದಿದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಹವಾಯಿಯ ಪ್ಯಾನ್‌ಸ್ಟಾರ್ಸ್, ಹಲವು ದೇಶಗಳಲ್ಲಿ ಹರಡಿರುವ ಅಟ್ಲಾಸ್, ಅಮೆರಿಕದ ಪಾಲೊಮಾರ್ ಬೆಟ್ಟದ ಜ್ವಿಕಿ ಸಮೀಕ್ಷೆ ಪ್ರತಿ ರಾತ್ರಿ ಆಕಾಶದ ದೊಡ್ಡ ಭಾಗವನ್ನು ಗುಡಿಸುತ್ತವೆ. 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಹೊರತಂದ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯಕ್ಕೆ 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ಹೊಸ ಧೂಮಕೇತು, ಸೂಪರ್‌ನೋವಾಗಳಲ್ಲಿ ಬಹುಪಾಲು ಯಂತ್ರಗಳಿಗೇ ಸಿಗುತ್ತವೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಆದರೂ ಕಳೆದ ಕೆಲವು ವರ್ಷಗಳ ಲೆಕ್ಕ ನೋಡಿ. 2019ರ ಆಗಸ್ಟ್ 30ರಂದು ಗೆನ್ನಾದಿ ಬೊರಿಸೊವ್ ತಾವೇ ತಯಾರಿಸಿದ 65 ಸೆಂಟಿಮೀಟರ್ ದೂರದರ್ಶಕದಿಂದ ಕಂಡದ್ದು ಬೇರೆ ನಕ್ಷತ್ರಲೋಕದಿಂದ ಬಂದ ಧೂಮಕೇತುವನ್ನು. ಅಂಥದೊಂದು ಗುರುತಿಗೆ ಸಿಕ್ಕಿದ್ದು ಅದೇ ಮೊದಲು. 2023ರ ಮೇ 19ರಂದು ಜಪಾನಿನ ಕೋಇಚಿ ಇತಗಾಕಿ ಎಂ101 ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಹಿಡಿದರು. ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ, ಅಂದರೆ ಪಕ್ಕದ ಕೇರಿಯೆಂದೇ ಹೇಳಬೇಕು. ಅದೇ ವರ್ಷದ ಆಗಸ್ಟ್‌ನಲ್ಲಿ ಹಿದೆಓ ನಿಶಿಮುರಾ ಸಾಮಾನ್ಯ ಡಿಜಿಟಲ್ ಕ್ಯಾಮೆರಾಕ್ಕೆ 200 ಮಿಲಿಮೀಟರ್ ಲೆನ್ಸ್ ಹಾಕಿ ಬೆಳಗಿನ ಜಾವ ಧೂಮಕೇತು ಕಂಡರು.

ಯಂತ್ರಗಳಿಗೆ ತಪ್ಪಿದ್ದು ಇವರಿಗೆ ಸಿಕ್ಕಿತೇಕೆ? ನಿಶಿಮುರಾ ನೋಡಿದ್ದು ಸೂರ್ಯನಿಗೆ ತೀರ ಹತ್ತಿರದ, ಮುಂಜಾನೆಯ ಬೆಳಕು ಹರಡುವ ಪಟ್ಟಿಯಲ್ಲಿ. ಬಹಳಷ್ಟು ಸಮೀಕ್ಷೆಗಳು ಅಲ್ಲಿಗೆ ಕ್ಯಾಮೆರಾ ತಿರುಗಿಸುವುದೇ ಅಪರೂಪ. ಇತಗಾಕಿ ಗೆದ್ದದ್ದು ಕೆಲವೇ ಗಂಟೆಗಳ ಅಂತರದಲ್ಲಿ. ಆ ಸೂಪರ್‌ನೋವಾ ಅವರ ವರದಿಗೆ ಮುಂಚೆಯೇ ಬೇರೆ ಹವ್ಯಾಸಿಗಳ ಚಿತ್ರಗಳಲ್ಲಿ ಬಿದ್ದಿತ್ತು. ಹಳೆಯ ಚಿತ್ರದ ಜೊತೆ ಹೋಲಿಸಿ ನೋಡಿದವರು ಇರಲಿಲ್ಲ, ಅಷ್ಟೆ.

ಎಲ್ಲಿ ಹುಡುಕಬೇಕು?

ಧೂಮಕೇತುವಿಗೆ ಸಂಜೆಯ ಕತ್ತಲು ಕವಿದ ಕೂಡಲೇ ಪಡುವಣ ದಿಗಂತ, ಬೆಳಗಿನ ಜಾವ ಮೂಡಣ ದಿಗಂತ. ಸೂರ್ಯನ ಹತ್ತಿರ ಬಂದಾಗಲೇ ಅದು ಹೊಳೆಯುವುದು. ಹುಣ್ಣಿಮೆ ಕಳೆದ ಮೂರು ನಾಲ್ಕು ದಿನಗಳಿಗೆ ಸಂಜೆ ಆಕಾಶ ಮತ್ತೆ ಕಪ್ಪಾಗುತ್ತದಲ್ಲ, ಹಳೆಯ ಬೇಟೆಗಾರರು ಕಾಯುತ್ತಿದ್ದದ್ದು ಆ ರಾತ್ರಿಗಳಿಗೆ. ಹಿಂದಿನ ಎರಡು ವಾರ ಚಂದ್ರನ ಬೆಳಕಿನಲ್ಲಿ ಮುಚ್ಚಿಹೋಗಿದ್ದದ್ದು ಆಗ ಹೊರಬರಬಹುದು.

ಸೂಪರ್‌ನೋವಾಕ್ಕೆ ಹತ್ತಿರದ, ದೊಡ್ಡ ಗೆಲಾಕ್ಸಿಗಳ ಪಟ್ಟಿ ಮಾಡಿಕೊಂಡು ಸರದಿಯಂತೆ ನೋಡುವುದು. ಎಂ101ರಲ್ಲಿ 2011ರಲ್ಲೂ ಒಂದು ಸಿಡಿದಿತ್ತು, ಹನ್ನೆರಡು ವರ್ಷ ಕಳೆದು ಇನ್ನೊಂದು. ಒಂದೇ ಗೆಲಾಕ್ಸಿಯನ್ನು ವರ್ಷಗಟ್ಟಲೆ ನೋಡುವುದು ವ್ಯರ್ಥವಲ್ಲ.

ಎಷ್ಟು ದೊಡ್ಡ ದೂರದರ್ಶಕ ಬೇಕು?

ಹುಡುಕುವುದು ಏನನ್ನು ಎಂಬುದರ ಮೇಲೆ ಹೋಗುತ್ತದೆ. ಯೂಜಿ ಹ್ಯಾಕುತಾಕೆ 1996ರ ಜನವರಿ ಕೊನೆಯಲ್ಲಿ ತಮ್ಮ ಹೆಸರಿನ ಮಹಾ ಧೂಮಕೇತುವನ್ನು ಕಂಡದ್ದು ಬೈನಾಕ್ಯುಲರಿನಲ್ಲಿ. ಅದರ ಲೆನ್ಸ್ 150 ಮಿಲಿಮೀಟರ್ ಇದ್ದುದರಿಂದ ಸಣ್ಣದೇನಲ್ಲ, ಆದರೂ ಬೈನಾಕ್ಯುಲರೇ. ಅದಕ್ಕೆ ಐದು ವಾರ ಮೊದಲು ಅವರು ಬೇರೊಂದು ಧೂಮಕೇತು ಕಂಡಿದ್ದರು. ಅದನ್ನು ನೋಡಲು ಹೋದ ರಾತ್ರಿ ಮೋಡ ಅಡ್ಡ ಬಂತು. ಮೋಡದ ನಡುವಿನ ಕಿಂಡಿಯಲ್ಲಿ, ಮೊದಲನೆಯದು ಸಿಕ್ಕಿದ್ದ ಜಾಗದ ಹತ್ತಿರವೇ, ಎರಡನೆಯದು ನಿಂತಿತ್ತು. ಆ ವರ್ಷ ಮಾರ್ಚ್ 25ರಂದು ಅದು ಭೂಮಿಯಿಂದ ಸುಮಾರು 1.5 ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು.

ಸೂಪರ್‌ನೋವಾಕ್ಕೆ 20 ಸೆಂಟಿಮೀಟರಿನ ದೂರದರ್ಶಕ, ಅದಕ್ಕೊಂದು ಕ್ಯಾಮೆರಾ ಇದ್ದರೆ ಒಳ್ಳೆಯ ಆರಂಭ. ಕಣ್ಣಿನಿಂದಲೇ ಹುಡುಕಿದವರೂ ಇದ್ದಾರೆ. ಆಸ್ಟ್ರೇಲಿಯಾದ ರಾಬರ್ಟ್ ಇವಾನ್ಸ್ ನೂರಾರು ಗೆಲಾಕ್ಸಿಗಳ ಸುತ್ತಲಿನ ನಕ್ಷತ್ರಗಳ ವಿನ್ಯಾಸವನ್ನು ಬಾಯಿಪಾಠ ಮಾಡಿಕೊಂಡಿದ್ದರು. ದೂರದರ್ಶಕ ತಿರುಗಿಸಿ ಕೆಲವು ಕ್ಷಣ ನೋಡಿದರೆ ಸಾಕು, ಹೊಸ ಚುಕ್ಕಿ ಇದ್ದರೆ ಅವರಿಗೆ ಕಾಣುತ್ತಿತ್ತು. ಹೀಗೆ 40ಕ್ಕೂ ಹೆಚ್ಚು ಸೂಪರ್‌ನೋವಾ ಕಂಡುಹಿಡಿದರು. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವಿಸುವ ವ್ಯಕ್ತಿ ಅವರು.

ನನ್ನ ಚಿತ್ರದಲ್ಲಿ ಗೆಲಾಕ್ಸಿಯ ಪಕ್ಕ ಹೊಸ ಚುಕ್ಕಿ ಇದೆ. ಈಗ ಏನು ಮಾಡಲಿ?

ಮೊದಲು ಇನ್ನೊಂದು ಚಿತ್ರ ತೆಗೆಯಿರಿ. ಆಮೇಲೆ ಅರ್ಧ ಗಂಟೆ ಬಿಟ್ಟು ಮತ್ತೊಂದು.

ಒಂದು ರಾತ್ರಿ ಸಿಂಹ ರಾಶಿಯ ಎಂ66 ಗೆಲಾಕ್ಸಿಯ ಚಿತ್ರ ಪರದೆಯ ಮೇಲೆ ಮೂಡಿದಾಗ ಅದರ ತೋಳಿನ ಅಂಚಿಗೆ ಒಂದು ಚುಕ್ಕಿ ಇತ್ತು. ಎರಡು ತಿಂಗಳ ಹಿಂದಿನ ನನ್ನದೇ ಚಿತ್ರದಲ್ಲಿ ಆ ಜಾಗ ಖಾಲಿ. ಎರಡನ್ನೂ ಒಂದರ ಮೇಲೊಂದು ಇಟ್ಟು ಮಿನುಗಿಸಿದೆ: ಇದೆ, ಇಲ್ಲ, ಇದೆ, ಇಲ್ಲ. ಪಕ್ಕದ ನಕ್ಷತ್ರಗಳಷ್ಟೇ ದುಂಡಗೆ, ಅಷ್ಟೇ ಮೃದುವಾದ ಅಂಚು. ಕ್ಯಾಮೆರಾದ ದೋಷವಾಗಿದ್ದರೆ ಒಂದೇ ಪಿಕ್ಸೆಲ್ ಚೂಪಾಗಿ ಹೊಳೆಯುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು. ಇಬ್ಬನಿ ಕಟ್ಟಿದ್ದ ಲೆನ್ಸ್ ಒರೆಸಿ, ನಲವತ್ತು ನಿಮಿಷ ಕಳೆದು ಮತ್ತೆ ಚಿತ್ರ ತೆಗೆದೆ. ಚುಕ್ಕಿ ಎಡಕ್ಕೆ ಸರಿದಿತ್ತು, ತನ್ನ ದಪ್ಪದ ನಾಲ್ಕೈದರಷ್ಟು. ಅದು ಕ್ಷುದ್ರಗ್ರಹ. ಸೂರ್ಯ ಆಕಾಶದಲ್ಲಿ ಸಾಗುವ ಹಾದಿಯಾದ ಕ್ರಾಂತಿವೃತ್ತಕ್ಕೆ ಹತ್ತಿರವಿರುವ ಸಿಂಹ, ಕನ್ಯಾ ರಾಶಿಗಳ ಗೆಲಾಕ್ಸಿಗಳ ಮುಂದೆ ಇವು ಹಾದುಹೋಗುತ್ತಲೇ ಇರುತ್ತವೆ. ಆ ನಲವತ್ತು ನಿಮಿಷ ಕಾಯದೆ ವರದಿ ಕಳುಹಿಸಿದ್ದರೆ ಯಾರದೋ ದೊಡ್ಡ ದೂರದರ್ಶಕದ ಸಮಯ ಹಾಳಾಗುತ್ತಿತ್ತು.

ಚುಕ್ಕಿ ಕದಲಲಿಲ್ಲ ಎಂದರೂ ಕೆಲಸ ಮುಗಿಯಲಿಲ್ಲ. ಕ್ಷುದ್ರಗ್ರಹ, ಧೂಮಕೇತುಗಳ ಲೆಕ್ಕವಿಡುವ ಮೈನರ್ ಪ್ಲಾನೆಟ್ ಸೆಂಟರ್‌ನ ತಾಣದಲ್ಲಿ ಆ ಜಾಗ ಮತ್ತು ಸಮಯ ಕೊಟ್ಟು, ಗೊತ್ತಿರುವ ಕ್ಷುದ್ರಗ್ರಹ ಅಲ್ಲಿದೆಯೇ ಎಂದು ಪರಿಶೀಲಿಸಿ. ನಿಧಾನವಾಗಿ ಚಲಿಸುವವೂ ಇವೆ. ಹಳೆಯ ಸಮೀಕ್ಷೆಗಳ ಚಿತ್ರಗಳನ್ನು ತೆರೆದು ನೋಡಿ: ಬೆಳಕು ಏರಿಳಿಯುವ, ನಮ್ಮದೇ ಗೆಲಾಕ್ಸಿಯ ಚರಕಾಂತಿ ನಕ್ಷತ್ರವೊಂದು ಆ ದಿಕ್ಕಿನಲ್ಲಿ ಇರಬಹುದು, ದೂರದ ಗೆಲಾಕ್ಸಿಯ ಅನಿಲ ಮೋಡವೇ ಚುಕ್ಕಿಯಂತೆ ಕಾಣುತ್ತಿರಬಹುದು. ಹೊಳೆಯುವ ನಕ್ಷತ್ರ ಹತ್ತಿರದಲ್ಲಿದ್ದರೆ ಲೆನ್ಸಿನ ಒಳಗಿನ ಪ್ರತಿಫಲನವೂ ಇರಬಹುದು. ದೂರದರ್ಶಕವನ್ನು ಸ್ವಲ್ಪ ಸರಿಸಿ ಚಿತ್ರ ತೆಗೆದರೆ ಪ್ರತಿಫಲನ ಜಾಗ ಬದಲಿಸುತ್ತದೆ, ನಕ್ಷತ್ರ ಬದಲಿಸುವುದಿಲ್ಲ.

ಮಸುಕಾದ ಕಲೆಯೊಂದು ಕಂಡಿತು. ಅದು ಧೂಮಕೇತುವೇ?

ಮೆಸಿಯೆ ಪಟ್ಟಿಯಲ್ಲಿ ಇಲ್ಲದಿದ್ದರೆ, ದೊಡ್ಡ ನಕ್ಷಾಪುಸ್ತಕದಲ್ಲೂ ಇಲ್ಲದಿದ್ದರೆ, ಗಂಟೆಯೊಳಗೆ ನಕ್ಷತ್ರಗಳ ನಡುವೆ ಜಾಗ ಬದಲಿಸಿದ್ದರೆ, ಬಹುಶಃ ಹೌದು. ಆಗಲೂ ಅದು ಈಗಾಗಲೇ ಗೊತ್ತಿರುವ ಧೂಮಕೇತುವಾಗಿರುವ ಸಾಧ್ಯತೆಯೇ ಹೆಚ್ಚು. ಆ ವಾರ ಆಕಾಶದಲ್ಲಿರುವ ಧೂಮಕೇತುಗಳ ಪಟ್ಟಿಯನ್ನು ಹುಡುಕಲು ಕೂರುವ ಮೊದಲೇ ಕೈಯಲ್ಲಿ ಇಟ್ಟುಕೊಳ್ಳಿ.

ಯಾರಿಗೆ ತಿಳಿಸಬೇಕು?

ಧೂಮಕೇತು ಎನಿಸಿದರೆ ಅದರ ಸ್ಥಾನದ ಅಳತೆಗಳನ್ನು ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳುಹಿಸಬೇಕು. ಅವರು ಅದನ್ನು ದೃಢೀಕರಣಕ್ಕೆ ಕಾದಿರುವವುಗಳ ಪಟ್ಟಿಗೆ ಹಾಕುತ್ತಾರೆ. ಲೋಕದ ಬೇರೆ ಬೇರೆ ಮೂಲೆಗಳ ವೀಕ್ಷಕರು ನೋಡಿ ಹೌದು ಎಂದ ಮೇಲೆ ಘೋಷಣೆ. ಸೂಪರ್‌ನೋವಾಕ್ಕೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಟ್ರಾನ್ಸಿಯೆಂಟ್ ನೇಮ್ ಸರ್ವರ್ ಇದೆ, 2016ರಿಂದ ಹೆಸರು ಕೊಡುವುದು ಅದೇ. ಯಾರು ಬೇಕಾದರೂ ನೋಂದಾಯಿಸಿಕೊಂಡು ವರದಿ ಮಾಡಬಹುದು.

ಆ ವರದಿಯಲ್ಲಿ ತುಂಬಬೇಕಾದ ಒಂದು ಅಂಶದ ಬಗ್ಗೆ ವಿಶೇಷವಾಗಿ ಹೇಳಬೇಕು: ಆ ಜಾಗದಲ್ಲಿ ಕೊನೆಯ ಬಾರಿ ಏನೂ ಇರಲಿಲ್ಲ ಎಂಬುದು ಯಾವ ದಿನ, ಎಷ್ಟು ಮಂಕಾದ ನಕ್ಷತ್ರದವರೆಗೆ ನಿಮಗೆ ಕಾಣುತ್ತಿತ್ತು? ನಕ್ಷತ್ರ ಯಾವಾಗ ಸಿಡಿಯಿತು ಎಂಬ ಲೆಕ್ಕ ನಿಂತಿರುವುದು ಇದರ ಮೇಲೆ. ಏನೂ ಸಿಗದ ರಾತ್ರಿಯ ಚಿತ್ರಗಳನ್ನು ಅಳಿಸಿಹಾಕುವವರನ್ನು ಕಂಡರೆ ನನಗೆ ಸಂಕಟವಾಗುವುದು ಇದಕ್ಕೇ.

ಹೆಸರು ಇಡುವುದು ಹೇಗೆ?

ಧೂಮಕೇತುವಿಗೆ ಕಂಡುಹಿಡಿದವರ ಅಥವಾ ಸಮೀಕ್ಷೆಯ ಹೆಸರು. ಅದರ ಜೊತೆಗೊಂದು ಸಂಕೇತ: ಸಿ/2023 ಎ3 ಎಂದರೆ 2023ರ ಜನವರಿ ಮೊದಲ ಪಕ್ಷದಲ್ಲಿ ಸಿಕ್ಕ ಮೂರನೆಯದು. ತಿಂಗಳನ್ನು ಎರಡು ಭಾಗ ಮಾಡಿ ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಮುಂದೆ ‘ಸಿ’ ಇದ್ದರೆ ದೀರ್ಘ ಅವಧಿಯದು, ‘ಪಿ’ ಇದ್ದರೆ 200 ವರ್ಷದೊಳಗೆ ಮರಳಿ ಬರುವಂಥದು, ‘ಐ’ ಇದ್ದರೆ ಬೇರೆ ನಕ್ಷತ್ರಲೋಕದ ಅತಿಥಿ. 1949ರಲ್ಲಿ ಹಾರ್ವರ್ಡಿನಲ್ಲಿ ಓದುತ್ತಿದ್ದ ಭಾರತದ ಖಗೋಳ ವಿಜ್ಞಾನಿ ವೈನು ಬಾಪ್ಪು ಕಂಡ ಧೂಮಕೇತು ಬಾಪ್ಪು-ಬಾಕ್-ನ್ಯೂಕರ್ಕ್ ಎಂದೇ ದಾಖಲಾಗಿದೆ.

ಸೂಪರ್‌ನೋವಾಕ್ಕೆ ವ್ಯಕ್ತಿಯ ಹೆಸರಿಲ್ಲ, ವರ್ಷ ಮತ್ತು ಅಕ್ಷರಗಳು ಮಾತ್ರ. 1987ರ ಮೊದಲನೆಯದು 1987ಎ. ಇಪ್ಪತ್ತಾರು ಅಕ್ಷರ ಮುಗಿದರೆ ಎರಡೆರಡು, ಅವೂ ಮುಗಿದರೆ ಮೂರು ಮೂರು. ಇತಗಾಕಿ ಕಂಡದ್ದು 2023ಐಎಕ್ಸ್‌ಎಫ್. ಅಕ್ಷರಗಳನ್ನು ಎಣಿಸಿದರೆ ಅದು ಆ ವರ್ಷ ವರದಿಯಾದ ಸುಮಾರು 6,700ನೆಯ ವಸ್ತು, ಅದೂ ಮೇ ತಿಂಗಳು ಮುಗಿಯುವ ಮೊದಲೇ. ಅಷ್ಟೂ ಸೂಪರ್‌ನೋವಾಗಳಲ್ಲ, ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆದು ಖಚಿತಪಡಿಸಿದ ಮೇಲೆ ಮಾತ್ರ ಆ ಪಟ್ಟ.

ದೂರದರ್ಶಕವೇ ಇಲ್ಲದವರು ಧೂಮಕೇತು ಕಂಡುಹಿಡಿಯಬಹುದೇ?

ಖಂಡಿತ. 1995ರಲ್ಲಿ ಹಾರಿಬಿಟ್ಟ ಸೋಹೊ ನೌಕೆ ಸೂರ್ಯನ ಬಿಂಬವನ್ನು ಮರೆಮಾಡಿ ಅದರ ಸುತ್ತಲ ಚಿತ್ರಗಳನ್ನು ನಿರಂತರ ಕಳುಹಿಸುತ್ತಿದೆ, ಅವು ಎಲ್ಲರಿಗೂ ತೆರೆದಿವೆ. ಆ ಚಿತ್ರಗಳಲ್ಲಿ ಇದುವರೆಗೆ 5,000ಕ್ಕೂ ಹೆಚ್ಚು ಧೂಮಕೇತುಗಳು ಸಿಕ್ಕಿವೆ, ಹೆಚ್ಚಿನವನ್ನು ಕಂಡುಹಿಡಿದವರು ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಸ್ವಯಂಸೇವಕರು. ಅವುಗಳಲ್ಲಿ ಬಹುಪಾಲು, ಹಿಂದೆಂದೋ ಒಡೆದ ಒಂದೇ ದೊಡ್ಡ ಧೂಮಕೇತುವಿನ ಚೂರುಗಳು. ಸಾಲಾಗಿ ಬಂದ ನಾಲ್ಕೈದು ಚಿತ್ರಗಳಲ್ಲಿ ಒಂದೇ ವೇಗದಲ್ಲಿ, ಒಂದೇ ಗೆರೆಯಲ್ಲಿ ಸೂರ್ಯನತ್ತ ಸಾಗುವ ಸಣ್ಣ ಚುಕ್ಕಿ ಬೇಕು. ಒಂದು ಚಿತ್ರದಲ್ಲಿ ಹೊಳೆದು ಮಾಯವಾದರೆ ಅದು ಕ್ಯಾಮೆರಾಕ್ಕೆ ಬಡಿದ ವಿಶ್ವಕಿರಣ.

ಕಂಡುಹಿಡಿದ ಮೇಲೆ ಹಿಂಬಾಲಿಸುವುದು ಎಂದರೆ ಏನು?

ಧೂಮಕೇತುವಿನ ವಿಷಯದಲ್ಲಿ ಎರಡು ಕೆಲಸ. ಒಂದು, ಸ್ಥಾನ ಅಳೆಯುವುದು. ಚಿತ್ರದಲ್ಲಿರುವ ನಕ್ಷತ್ರಗಳ ನಿಖರ ಸ್ಥಾನ, ಗಾಯಾ ಎಂಬ ಬಾಹ್ಯಾಕಾಶ ನೌಕೆ ಅಳೆದುಕೊಟ್ಟ ಪಟ್ಟಿಯಿಂದ ಗೊತ್ತಿರುತ್ತದೆ. ಅವುಗಳಿಗೆ ಹೋಲಿಸಿ ಧೂಮಕೇತುವಿನ ಸ್ಥಾನವನ್ನು ತಂತ್ರಾಂಶ ಲೆಕ್ಕ ಹಾಕುತ್ತದೆ. ಇಲ್ಲಿ ಗಡಿಯಾರ ಬಹಳ ಮುಖ್ಯ. ಕಂಪ್ಯೂಟರಿನ ಸಮಯ ಐದು ಸೆಕೆಂಡ್ ತಪ್ಪಿದ್ದರೂ ವೇಗವಾಗಿ ಚಲಿಸುವ ವಸ್ತುವಿನ ಅಳತೆ ಕೆಡುತ್ತದೆ. ಕೆಲವು ದಿನಗಳ ಅಳತೆ ಸೇರಿದರೆ ಕಕ್ಷೆ ಮೂಡುತ್ತದೆ. ಬೊರಿಸೊವ್ ಧೂಮಕೇತು ಸೂರ್ಯನಿಗೆ ಸೇರಿದ್ದಲ್ಲ ಎಂದು ತಿಳಿದದ್ದು ಹೀಗೆಯೇ. ಸೂರ್ಯನನ್ನು ಸುತ್ತುವ ವಸ್ತುವಿನ ಉತ್ಕೇಂದ್ರತೆ (ಕಕ್ಷೆ ವೃತ್ತದಿಂದ ಎಷ್ಟು ದೂರ ಸರಿದಿದೆ ಎಂಬ ಅಳತೆ) ಒಂದಕ್ಕಿಂತ ಕಡಿಮೆ ಇರಬೇಕು, ಇದರದು 3.3ನ್ನು ಮೀರಿತ್ತು. ಒಬ್ಬರ ಕಣ್ಣಿಗೆ ಬಿದ್ದದ್ದನ್ನು ಹಲವರು ಹಲವು ರಾತ್ರಿ ಅಳೆದರು, ಆಗ ಅದರ ಊರು ಬೇರೆ ಎಂದು ಗೊತ್ತಾಯಿತು.

ಎರಡು, ಕಾಂತಿ ಅಳೆಯುವುದು. ಇದಕ್ಕೆ ಬೈನಾಕ್ಯುಲರ್ ಸಾಕು, ಆದರೆ ಉಪಾಯ ಗೊತ್ತಿರಬೇಕು. ಧೂಮಕೇತು ಹರಡಿಕೊಂಡ ಮಸುಕು, ನಕ್ಷತ್ರ ಚೂಪಾದ ಬಿಂದು. ಎರಡನ್ನೂ ನೇರವಾಗಿ ಹೋಲಿಸಲಾಗದು. ಮೊದಲು ಧೂಮಕೇತುವಿನ ತಲೆ ಎಷ್ಟು ಅಗಲ, ಎಷ್ಟು ಬೆಳಕು ಎಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ. ಆಮೇಲೆ ಕಾಂತಿಮಾನ ಗೊತ್ತಿರುವ ನಕ್ಷತ್ರದತ್ತ ತಿರುಗಿಸಿ, ಅದು ಅಷ್ಟೇ ಅಗಲಕ್ಕೆ ಹಿಗ್ಗುವವರೆಗೆ ಫೋಕಸ್ ಕೆಡಿಸಿ. ಈಗ ಎರಡೂ ಬಿಲ್ಲೆಗಳೇ. ಇದಕ್ಕಿಂತ ಮಂಕು, ಅದಕ್ಕಿಂತ ಪ್ರಖರ ಎನ್ನುವ ಎರಡು ನಕ್ಷತ್ರ ಸಿಕ್ಕರೆ ಧೂಮಕೇತು ಅವುಗಳ ನಡುವೆ. ಮೊದಮೊದಲು ಕಷ್ಟವೆನಿಸುತ್ತದೆ, ಹತ್ತಿಪ್ಪತ್ತು ರಾತ್ರಿಗಳಲ್ಲಿ ಕೈ ಕೂರುತ್ತದೆ.

ಸೂಪರ್‌ನೋವಾಕ್ಕೆ ದಿನಕ್ಕೊಂದು ಅಳತೆ ಸಾಕು. ಆದರೆ ಬಿಡದೆ ಮಾಡಬೇಕು. ಆ ಬಿಂದುಗಳನ್ನು ಸೇರಿಸಿದ ಗೆರೆ ಏರಿ, ಇಳಿದು, ಕೆಲವೊಮ್ಮೆ ನಡುವೆ ತಿಂಗಳುಗಟ್ಟಲೆ ಸಮತಟ್ಟಾಗಿ ಹೋಗುವ ಬಗೆಯಲ್ಲಿ ಸಿಡಿದ ನಕ್ಷತ್ರ ಯಾವ ಬಗೆಯದೆಂಬ ಸುಳಿವಿರುತ್ತದೆ. ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ಕುಗ್ಗಿದ ತಿರುಳು, ಸಿಡಿದ ‘ಒಂದು-ಎ’ ಬಗೆಯವು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಅವನ್ನು ದೂರದ ಅಳತೆಗೋಲಾಗಿ ಹಿಡಿದೇ 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿದೆ ಎಂದು ತಿಳಿದದ್ದು. 2011ರ ಭೌತಶಾಸ್ತ್ರ ನೊಬೆಲ್ ಬಂದದ್ದು ಇದಕ್ಕೆ.

ಧೂಮಕೇತು ಎಷ್ಟು ಹೊಳೆಯುತ್ತದೆ ಎಂದು ಮೊದಲೇ ಹೇಳಲಾಗದೇಕೆ?

ದಾರಿ ಹೇಳಬಹುದು, ವರ್ತನೆ ಹೇಳಲಾಗದು. ಒಳಗೆ ಎಷ್ಟು ಹಿಮ, ಎಷ್ಟು ದೂಳು, ಎಲ್ಲಿ ಬಿರುಕು ಎಂಬುದು ಹೊರಗಿನಿಂದ ಕಾಣುವುದಿಲ್ಲ. 2013ರಲ್ಲಿ ಐಸಾನ್ ಧೂಮಕೇತುವಿನ ಬಗ್ಗೆ ಲೋಕವೆಲ್ಲ ಕಾದಿತ್ತು. ನವೆಂಬರ್ 28ರಂದು ಸೂರ್ಯನನ್ನು ಬಳಸಿ ಹೋಗುವಾಗ ಪುಡಿಯಾಯಿತು. ಅದಕ್ಕೆ ಎರಡು ವರ್ಷ ಮೊದಲು ಟೆರಿ ಲವ್‌ಜಾಯ್ ಎಂಬ ಹವ್ಯಾಸಿ ಕಂಡ ಧೂಮಕೇತು ಸೂರ್ಯನ ಮೇಲ್ಮೈಯಿಂದ ಕೇವಲ 1.4 ಲಕ್ಷ ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಹೊರ ವಾತಾವರಣವಾದ ಕರೋನಾದ ಒಳಗೇ ಹಾದು ಆಚೆ ಬಂದಿತ್ತು. ಇನ್ನು 2007ರ ಅಕ್ಟೋಬರಿನಲ್ಲಿ ಹೋಮ್ಸ್ ಧೂಮಕೇತು ಎರಡೇ ದಿನದೊಳಗೆ ಸುಮಾರು ಐದು ಲಕ್ಷ ಪಟ್ಟು ಪ್ರಖರವಾಗಿ ಬರಿಗಣ್ಣಿಗೆ ಕಾಣಿಸಿಕೊಂಡಿತು. ದಿನವೂ ನೋಡುವವರು ಬೇಕು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಧೂಮಕೇತುವಿನ ಬಾಲ ಭೂಮಿಗೆ ತಾಗಿದರೆ ಅಪಾಯವೇ?

ಇಲ್ಲ. 1910ರಲ್ಲಿ ಹ್ಯಾಲಿಯ ಬಾಲದಲ್ಲಿ ವಿಷಾನಿಲವಿದೆ ಎಂದು ಹಲವೆಡೆ ಜನ ಹೆದರಿದ್ದರು, ಏನೂ ಆಗಲಿಲ್ಲ. ಬಾಲ ಅಷ್ಟು ತೆಳು.

ನಮ್ಮ ಗೆಲಾಕ್ಸಿಯಲ್ಲಿ ಮುಂದಿನ ಸೂಪರ್‌ನೋವಾ ಯಾವಾಗ?

ಶತಮಾನಕ್ಕೆ ಒಂದೆರಡು ಆಗಬೇಕೆಂಬುದು ಅಂದಾಜು, ಆದರೆ ಬರಿಗಣ್ಣಿಗೆ ಕಂಡ ಕೊನೆಯದು 1604ರದು. ಉಳಿದವನ್ನು ಆಕಾಶಗಂಗೆಯ ದೂಳು ಮುಚ್ಚಿರಬೇಕು. ಆರ್ದ್ರಾ ನಕ್ಷತ್ರ ನಾಳೆಯೇ ಸಿಡಿಯುತ್ತದೆಯೇ ಎಂದು ಕೇಳುತ್ತಾರೆ: 2019ರ ಕೊನೆಯಲ್ಲಿ ಅದು ಮಂಕಾದದ್ದು ಅದೇ ಉಗುಳಿದ ದೂಳಿನಿಂದ. ಸಿಡಿಯುವುದು ನಿಶ್ಚಯ, ಆದರೆ ಅದಕ್ಕೆ ಇನ್ನೂ ಒಂದು ಲಕ್ಷ ವರ್ಷ ಬೇಕಾಗಬಹುದು.

ನೆರೆಯ ಸಣ್ಣ ಗೆಲಾಕ್ಸಿ ದೊಡ್ಡ ಮೆಗೆಲನ್ ಮೋಡದಲ್ಲಿ ಸಿಡಿದ 1987ಎ ನಮಗೆ ಪಾಠ ಕಲಿಸಿದೆ. ಚಿಲಿಯ ಲಾಸ್ ಕಂಪಾನಾಸ್‌ನಲ್ಲಿ ಆ ರಾತ್ರಿ ಇಯಾನ್ ಶೆಲ್ಟನ್ ಛಾಯಾಫಲಕವನ್ನು ತೊಳೆದಾಗ, ಇರಬಾರದ ಜಾಗದಲ್ಲಿ ದೊಡ್ಡ ಚುಕ್ಕಿ ಇತ್ತು. ಫಲಕದ ದೋಷವಿರಬಹುದೆಂದು ಹೊರಗೆ ಹೋಗಿ ತಲೆ ಎತ್ತಿ ನೋಡಿದರು. ಚುಕ್ಕಿ ಆಕಾಶದಲ್ಲೂ ಇತ್ತು. ಆದರೆ ಬೆಳಕಿಗಿಂತ ಕೆಲವು ಗಂಟೆ ಮೊದಲೇ ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳು ಭೂಮಿಯನ್ನು ದಾಟಿ ಹೋಗಿದ್ದವು. ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟದ ಮೂರು ಶೋಧಕಗಳಲ್ಲಿ ಸೇರಿ ಎರಡು ಡಜನ್‌ನಷ್ಟು ಸಿಕ್ಕಿದ್ದವು. ಇಂದು ಅಂಥ ಶೋಧಕಗಳನ್ನು ಜೋಡಿಸಿದ ಸ್ನ್ಯೂಸ್ ಎಂಬ ಎಚ್ಚರಿಕೆ ಜಾಲವಿದೆ. ಅದರ ಸಂದೇಶ ಪಡೆಯಲು ಹವ್ಯಾಸಿಗಳೂ ಹೆಸರು ಕೊಡಬಹುದು.

ಮೊದಲ ಶೋಧಕ್ಕೆ ಎಷ್ಟು ಕಾಲ ಹಿಡಿಯುತ್ತದೆ?

ಡೇವಿಡ್ ಲೆವಿ 1965ರಲ್ಲಿ ಹುಡುಕಲು ಕುಳಿತರು, ಮೊದಲ ಧೂಮಕೇತು ಸಿಕ್ಕಿದ್ದು 1984ರಲ್ಲಿ. ವಿಕ್ಟರ್ ಬುಸೊ ಎಂಬ ಅರ್ಜೆಂಟೀನಾದ ಹವ್ಯಾಸಿ 2016ರ ಸೆಪ್ಟೆಂಬರ್ 20ರಂದು ಹೊಸ ಕ್ಯಾಮೆರಾವನ್ನು ಪರೀಕ್ಷಿಸುತ್ತ ಎನ್‌ಜಿಸಿ 613 ಗೆಲಾಕ್ಸಿಯ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತಿದ್ದಾಗ, ಸ್ಫೋಟದ ಆಘಾತ ನಕ್ಷತ್ರದ ಮೇಲ್ಮೈಯನ್ನು ಒಡೆದು ಹೊರಬರುವ ಕ್ಷಣವೇ ಸಿಕ್ಕಿತು. ದೊಡ್ಡ ವೀಕ್ಷಣಾಲಯಗಳಿಗೂ ಅದು ಅಷ್ಟು ಸ್ಪಷ್ಟವಾಗಿ ದಕ್ಕಿರಲಿಲ್ಲ. ಅವರ ಮೊದಲ ಚಿತ್ರಗಳಲ್ಲಿ ಆ ಜಾಗ ಖಾಲಿ ಇತ್ತು, ಆ ಖಾಲಿ ಚಿತ್ರಗಳೂ ಲೆಕ್ಕಕ್ಕೆ ಬಂದವು.

ಇಂದು ರಾತ್ರಿಯೇ ಶುರು ಮಾಡಬೇಕೆಂದರೆ?

ನಿಮಗೆ ಈ ತಿಂಗಳು ಎತ್ತರದಲ್ಲಿ ಕಾಣುವ ಐದು ಗೆಲಾಕ್ಸಿ ಆರಿಸಿಕೊಳ್ಳಿ. ಎಂ51, ಎಂ81, ಎಂ82, ಎಂ101 ಇದ್ದರೆ ಒಳ್ಳೆಯದು. ಒಂದೊಂದರದ್ದೂ ನಿಮ್ಮ ಉಪಕರಣಕ್ಕೆ ಸಾಧ್ಯವಾದಷ್ಟು ಒಳ್ಳೆಯ ಚಿತ್ರ ತೆಗೆದು, ದಿನಾಂಕ, ಗಂಟೆ, ನಿಮಿಷ ಬರೆದು ಬೇರೆ ಕಡತದಲ್ಲಿ ಇಡಿ. ಮುಂದಿನ ವಾರ ಅದೇ ಐದು, ಅದೇ ಅವಧಿಯ ಚಿತ್ರ. ಪರದೆಯ ಮೇಲೆ ಎರಡನ್ನೂ ಮಿನುಗಿಸಿ ನೋಡಿ. ಏನೂ ಬದಲಾಗದಿದ್ದರೆ ಹಾಗೆಂದೇ ಬರೆದುಕೊಂಡು, ಎರಡನ್ನೂ ಉಳಿಸಿಕೊಳ್ಳಿ.